ಮೆಷಿನ್ ಮೇಷ್ಟ್ರು

ಪಿ.ಜಿ.ಯಲ್ಲಿ ಬಾಡಿಗೆ ಎಣಿಸಿಕೊಳ್ಳುವವರು ಒಬ್ಬರು, ಚಿತ್ರಾನ್ನ ಕಲಸುವವರು ಇನ್ನೊಬ್ಬರು, ಆಳುವವರು ಮಾತ್ರ ಮತ್ತೊಬ್ಬರು. ಈ ಮೂರನೆಯವರನ್ನು ಯಾರೂ ನೇಮಿಸಿರುವುದಿಲ್ಲ, ಯಾರೂ ಆರಿಸಿರುವುದಿಲ್ಲ. ಆದರೂ ಬಿ.ಟಿ.ಎಂ. ಲೇಔಟಿನಿಂದ ಮಾರತಹಳ್ಳಿಯವರೆಗೆ ಯಾವ ಪಿ.ಜಿ.ಯ ತಾರಸಿ ಹತ್ತಿದರೂ ವಾಷಿಂಗ್ ಮೆಷಿನ್ ಪಕ್ಕದ ಗೋಡೆಯಲ್ಲಿ ಅವರ ಕೈಬರಹ ಕಾಣುತ್ತದೆ. ‘ದಯವಿಟ್ಟು’ ಎಂದು ಶುರುವಾಗಿ ‘ಕಠಿಣ ಕ್ರಮ ಕೈಗೊಳ್ಳಲಾಗುವುದು’ ಎಂದು ಮುಗಿಯುವ ಕಾಗದ. ಕ್ರಮ ಎಂಥದು, ಕೈಗೊಳ್ಳುವವರು ಯಾರು ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ. ಅದರ ಭಯವೆಲ್ಲ ಇರುವುದು ಆ ಗೊತ್ತಿಲ್ಲದಿರುವುದರಲ್ಲೇ.

ನಮ್ಮ ಪಿ.ಜಿ.ಯ ಹುಡುಗರು ಅವರನ್ನು ಮೆಷಿನ್ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ. ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕಲು ವಾರಕ್ಕೆ ಐದು ದಿನ ಸಂಬಳ ಬರುತ್ತಿತ್ತು. ಉಳಿದೆರಡು ದಿನ ಅದೇ ಸೇವೆಯನ್ನು ನಮಗೆ ಪುಕ್ಕಟೆ ಮಾಡುತ್ತಿದ್ದರು. ಅರಸೀಕೆರೆ ಕಡೆಯವರು. ವಯಸ್ಸು ಮೂವತ್ತೈದರ ಆಚೀಚೆ. ಆರು ತಿಂಗಳಿಗೊಮ್ಮೆ ಮುಖಗಳು ಬದಲಾಗುವ ಕಟ್ಟಡದಲ್ಲಿ ಅವರದು ಮಾತ್ರ ಏಳು ವರ್ಷದಿಂದ ಅದೇ ಮಂಚ, ಅದೇ ಕಿಟಕಿ. ಮಾಲೀಕರೇ ಎರಡು ಸಲ ಬದಲಾಗಿದ್ದರು. ಹೊಸ ಮಾಲೀಕರು ಬಂದ ದಿನ ಸಂಪಿನ ವಾಲ್ವ್ ಎಲ್ಲಿದೆ ಎಂದು ವಿಚಾರಿಸಿದ್ದು ಮೇಷ್ಟ್ರ ಹತ್ತಿರ. ಮೇಷ್ಟ್ರು ತೋರಿಸಿದರು. ತೋರಿಸುತ್ತ, ಅದನ್ನು ಎಡಕ್ಕೆ ಎಷ್ಟು ತಿರುಗಿಸಬೇಕು ಎಂಬುದರ ಬಗ್ಗೆ ಎರಡು ಮಾತು ಹೇಳಿದರು. ಅಂದಿನಿಂದ ಮಾಲೀಕರೂ ಪ್ರಜೆಗಳೇ.

“ನಂಗೇನಿಲ್ಲಪ್ಪ, ಒಂದು ಪದ್ಧತಿ ಅಂತ ಇರ್ಬೇಕು” ಎನ್ನುವುದು ಅವರ ಮಾತಿನ ಪಲ್ಲವಿ. ನಲವತ್ತೆರಡು ಜನಕ್ಕೆ ಒಂದೇ ಮೆಷಿನ್ನು, ಏಳು ಕೆ.ಜಿ.ಯದು, ಬಾಯಿ ಮೇಲಕ್ಕಿರುವ ಜಾತಿ. 2024ರಲ್ಲಿ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಮಾಡಿ, ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಎಂದೆಲ್ಲ ಹೇಳಿದಾಗ ಮೇಷ್ಟ್ರು ಇಡೀ ಸುದ್ದಿಯನ್ನು ಎರಡು ಸಲ ಓದಿ ಪೇಪರು ಮಡಿಸಿಟ್ಟರು. “ಜಾಗ ಹೇಳಿದ್ರು, ನೀರು ಹೇಳಿದ್ರು. ಮೆಷಿನ್ ಒಂದಕ್ಕೆ ಎಷ್ಟು ಜನ ಅಂತ ಹೇಳಿದ್ರಾ?” ಸರ್ಕಾರ ಬಿಟ್ಟ ಜಾಗವನ್ನು ತುಂಬುವುದು ನಾಗರಿಕನ ಕರ್ತವ್ಯ ಎಂದು ಅವರು ಭಾವಿಸಿದ್ದರಲ್ಲಿ ತಪ್ಪೇನಿಲ್ಲ. ತುಂಬಿದ ರೀತಿ ಸ್ವಲ್ಪ ಹೆಚ್ಚಾಯಿತು, ಅಷ್ಟೇ.

ಮೊದಲು ಬಂದದ್ದು ಚಾರ್ಟು. ರೂಮಿನ ಪ್ರಕಾರ ದಿನ, ದಿನದೊಳಗೆ ಗಂಟೆ, ಗಂಟೆಯ ಮುಂದೆ ಸಹಿ. ಭಾನುವಾರ ಬೆಳಿಗ್ಗೆ 6ರಿಂದ 8 ಗಂಟೆಯ ಚೌಕದಲ್ಲಿ ಯಾವ ರೂಮಿನ ಹೆಸರೂ ಇರಲಿಲ್ಲ. ‘ನಿರ್ವಹಣೆ’ ಎಂದಷ್ಟೇ ಇತ್ತು. ನೀರು ಚೆನ್ನಾಗಿ ಬರುವ, ಬಿಸಿಲು ಏರುವ ಮೊದಲಿನ, ಹಗ್ಗವೆಲ್ಲ ಖಾಲಿ ಇರುವ ಚಿನ್ನದಂಥ ಎರಡು ಗಂಟೆ. ಆ ಹೊತ್ತಿನಲ್ಲಿ ಮೆಷಿನ್ನೊಳಗೆ ಮೇಷ್ಟ್ರ ಎರಡು ಬೆಡ್‌ಶೀಟು, ನಾಲ್ಕು ಶರ್ಟು ಸುತ್ತುತ್ತಿರುವುದನ್ನು ಒಬ್ಬ ಹುಡುಗ ಕಣ್ಣಾರೆ ಕಂಡು ಕೇಳಿಯೇಬಿಟ್ಟ. ಮೇಷ್ಟ್ರು ಕಣ್ಣು ಮಿಟುಕಿಸಲಿಲ್ಲ. “ಖಾಲಿ ಮೆಷಿನ್ನನ್ನ ಟೆಸ್ಟ್ ಮಾಡಕ್ಕಾಗತ್ತೇನಪ್ಪಾ? ಲೋಡ್ ಬೇಕು.”

ಏಳು ಕೆ.ಜಿ. ಎಂದರೆ ಒಣಬಟ್ಟೆಯ ಏಳು ಕೆ.ಜಿ. ಎಂಬ ಸತ್ಯವನ್ನು ನಮಗೆ ತಿಳಿಸಿದವರೂ ಅವರೇ. ವಿಮಾನಕ್ಕೆ ಹೋಗುವವರು ಸೂಟ್‌ಕೇಸ್ ತೂಗುವ ಕೊಕ್ಕೆತಕ್ಕಡಿಯೊಂದನ್ನು ಅವರು ಇಟ್ಟುಕೊಂಡಿದ್ದರು. ವಿಮಾನ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಒಂದು ಜೀನ್ಸ್ ಮುಕ್ಕಾಲು ಕೆ.ಜಿ.ಯ ಹತ್ತಿರ ಬರುತ್ತದೆ ಎಂದು ಅವರು ಎತ್ತಿ ತೋರಿಸಿದಾಗ ಹುಡುಗರು ನಕ್ಕರು. ನಕ್ಕವರಲ್ಲೊಬ್ಬ ಮುಂದಿನ ವಾರವೇ ಇಡೀ ರೂಮಿನ ಜೀನ್ಸುಗಳ ಜೊತೆ ಒಂದು ರಗ್ಗನ್ನೂ ತುರುಕಿ, ಸ್ವಿಚ್ ಒತ್ತಿ, ಬಿರಿಯಾನಿ ತಿನ್ನಲು ಹೋದ. ಹಿಂಡುವ ಸುತ್ತು ಬಂದಾಗ ಭಾರವೆಲ್ಲ ಒಂದೇ ಕಡೆ ವಾಲಿ, ಮೆಷಿನ್ನು ದಡದಡ ಕುಣಿಯುತ್ತ ಪ್ಲಗ್ಗನ್ನೂ ಕಿತ್ತುಕೊಂಡು ಮೆಟ್ಟಿಲ ಬಾಯಿವರೆಗೆ ನಡೆದು ಬಂದಿತ್ತು. ವೈರು ಇನ್ನೂ ಸ್ವಲ್ಪ ಉದ್ದವಿದ್ದಿದ್ದರೆ ಕೆಳಗಿಳಿದು ಊಟದ ಹಾಲಿಗೇ ಬರುತ್ತಿತ್ತೇನೋ. ಮೇಷ್ಟ್ರು ಅದನ್ನು ನೋಡಿದ ರೀತಿಯಲ್ಲಿ ದುಃಖವಿತ್ತು, ಒಳಗೊಳಗೇ ಭವಿಷ್ಯ ನುಡಿದವರ ಸಮಾಧಾನವೂ ಇತ್ತು.

ಹಂಚಿಕೊಂಡು ಬದುಕುವುದರಲ್ಲಿ ಎಷ್ಟೋ ತಕರಾರುಗಳಿವೆ. ಗೀಸರ್ ಆರಿಸದೆ ಹೋಗುವವರು, ನಡುರಾತ್ರಿ ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುವವರು, ಐದು ಗಂಟೆಗೆ ಅಲಾರಂ ಇಟ್ಟು ಇಡೀ ರೂಮನ್ನೆಬ್ಬಿಸಿ ತಾವು ಮಗ್ಗುಲು ಬದಲಿಸುವವರು, ಫ್ರಿಜ್ಜಿನಲ್ಲಿ ಇನ್ನೊಬ್ಬರ ಮೊಸರಿನ ಪೊಟ್ಟಣದ ಮೂಲೆ ಕತ್ತರಿಸುವವರು. ಇವೆಲ್ಲ ಬೈದು ಮುಗಿಸುವ ಜಗಳಗಳು. ಬೈಗುಳಕ್ಕೆ ಬಗ್ಗದ ನಿಜವಾದ ಧರ್ಮಸೂಕ್ಷ್ಮ ಒಂದೇ ಒಂದು: ಮೆಷಿನ್ನು ಬೀಪ್ ಬೀಪ್ ಎಂದು ಕೂಗಿ ನಿಂತಿದೆ, ಒಳಗೆ ಇನ್ನೊಬ್ಬರ ಒದ್ದೆ ಬಟ್ಟೆಯಿದೆ, ಇನ್ನೊಬ್ಬರು ನಾಪತ್ತೆ. ಈಗ ಮುಟ್ಟಬಹುದೆ? ಮುಟ್ಟಿದರೆ ಯಾವ ಕೈಯಲ್ಲಿ? ಶರ್ಟಾದರೆ ಸರಿ. ಅದರಡಿಯಲ್ಲಿ ಸುರುಳಿ ಸುತ್ತಿಕೊಂಡಿರುವ, ಹೆಸರೆತ್ತಬಾರದ ವಸ್ತ್ರಗಳನ್ನು ಯಾವ ಎರಡು ಬೆರಳಲ್ಲಿ ಹಿಡಿಯಬೇಕು? ಹಿಡಿದದ್ದನ್ನು ಎಲ್ಲಿಡಬೇಕು? ಆತ ಆ ಕ್ಷಣಕ್ಕೇ ಮೆಟ್ಟಿಲು ಹತ್ತಿ ಬಂದರೆ ಮುಖ ಎಲ್ಲಿಡಬೇಕು?

ಇದಕ್ಕೆ ಮೇಷ್ಟ್ರು ರೂಪಿಸಿದ್ದು ಮಹಜರು. ಬೀಪ್ ನಿಂತ ಮೇಲೆ ಹತ್ತು ನಿಮಿಷ ಕಾಯುವುದು. ಆಮೇಲೆ ರೂಮಿನ ಬಾಗಿಲು ತಟ್ಟುವುದು. ಆಮೇಲೆ ವಾಟ್ಸ್ಯಾಪ್ ಗುಂಪಿನಲ್ಲಿ ತೆರೆದ ಮುಚ್ಚಳದ ಫೋಟೊ: ‘ಇವು ಯಾರವು?’ ಉತ್ತರ ಬಾರದಿದ್ದರೆ ಇಬ್ಬರು ಪಂಚರ ಸಮಕ್ಷಮದಲ್ಲಿ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ ಬಕೆಟ್ಟಿಗೆ ವರ್ಗಾಯಿಸಿ, ಚಾರ್ಟಿನ ಹಿಂಬದಿಯಲ್ಲಿ ನಮೂದಿಸುವುದು. ‘ಟೀ ಶರ್ಟು 4, ಪ್ಯಾಂಟು 2, ಕರ್ಚೀಫು 1, ಇತರೆ 6.’ ಸಂಜೆ ಬಂದ ವಾರಸುದಾರನಿಗೆ ಕಾಲುಚೀಲ ಒಂದು ಕಡಿಮೆ ಕಂಡರೆ ಪಂಚರು ಸಾಕ್ಷಿ ಹೇಳಬೇಕು. ಭಾನುವಾರ ಮಧ್ಯಾಹ್ನ ತಾರಸಿಗೆ ಸುಮ್ಮನೆ ಗಾಳಿಗೆಂದು ಹೋಗಿ ಪಂಚರಾಗಿ ಸಿಕ್ಕಿಬಿದ್ದು, ಅರಿಯದ ಮನುಷ್ಯನ ‘ಇತರೆ’ಗಳನ್ನು ಎಣಿಸಿದವರು ಎಷ್ಟೋ ಮಂದಿ. ಕೊನೆಕೊನೆಗೆ ಮೇಷ್ಟ್ರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಜನ ನೀರಿನ ಟ್ಯಾಂಕಿನ ಹಿಂದೆ ಅಡಗುತ್ತಿದ್ದರು.

ನಗುವವರು ನಗಲಿ, ಅವರಿಗೆ ಗೊತ್ತಿದ್ದದ್ದು ಕಟ್ಟಡದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಸುಣ್ಣದಂಶ ತುಂಬಿದ್ದು. ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಹುಡುಗರು ಇನ್ನೊಂದು ಹಿಡಿ ಪೌಡರು ಸುರಿಯುತ್ತಾರೆ. ಅದು ಜಾಲಾಡಿದರೂ ಹೋಗದೆ ಕಪ್ಪು ಟೀ ಶರ್ಟಿನ ಬೆನ್ನ ಮೇಲೆ ಬಿಳಿ ಭೂಪಟ ಬಿಡಿಸುತ್ತದೆ. ಡ್ರಮ್ಮಿನ ಗೋಡೆಗೆ ಗಾರು ಕಟ್ಟುತ್ತದೆ. ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕಿ ಮೆಷಿನ್ನನ್ನು ಖಾಲಿ ಓಡಿಸುತ್ತಿದ್ದವರು, ದಾರದ ಜಾಳಿಗೆಯಲ್ಲಿ ಸಿಕ್ಕ ನಾರು-ಕೂದಲಿನ ಉಂಡೆಯನ್ನು ಬರಿಗೈಯಲ್ಲಿ ತೆಗೆದು ಎಸೆಯುತ್ತಿದ್ದವರು ಅವರೊಬ್ಬರೇ. ಜೇಬು ನೋಡದೆ ಬಟ್ಟೆ ಹಾಕುವವರ ಸೊತ್ತುಗಳಿಗೆಂದು ಒಂದು ಬಿಸ್ಕತ್ತಿನ ಡಬ್ಬಿಯನ್ನೂ ಇಟ್ಟಿದ್ದರು. ಅದರಲ್ಲಿ ಚಿಲ್ಲರೆ, ಪೆನ್ನಿನ ಮುಚ್ಚಳ, ಎರಡು ಮೆಟ್ರೋ ಟೋಕನ್ನು, ಒಂದು ಪುಟ್ಟ ಗಣಪತಿ. ಗಣಪತಿಯ ವಾರಸುದಾರರು ಕಡೆಗೂ ಬರಲಿಲ್ಲ. ಆತನನ್ನು ತೊಳೆದು ಮೆಷಿನ್ನಿನ ಮೇಲೆಯೇ ಪ್ರತಿಷ್ಠಾಪಿಸಿದರು. ಆಯುಧಪೂಜೆಯ ದಿನ ಮೆಷಿನ್ನಿಗೆ ಚೆಂಡು ಹೂವಿನ ಹಾರ ಬಿದ್ದದ್ದೂ ಇವರಿಂದಲೇ. ಅಂದು ಯಾರೂ ಬಟ್ಟೆ ಹಾಕುವಂತಿರಲಿಲ್ಲ.

ಇಂಥವರನ್ನು ಐ.ಟಿ. ಬೆಂಗಳೂರು ಸೃಷ್ಟಿಸಿತು ಎನ್ನುವವರು ವಠಾರಗಳನ್ನು ಕಂಡವರಲ್ಲ. ಚಾಮರಾಜಪೇಟೆ, ಬಸವನಗುಡಿಯ ಹಳೆಯ ವಠಾರಗಳಲ್ಲಿ ಎಂಟು ಸಂಸಾರಕ್ಕೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಮತ್ತು ಕಲ್ಲಿನೆದುರಿನ ಜಗಲಿಯ ಮೇಲೊಬ್ಬ ಅಜ್ಜಿ. ಯಾರ ಕೊಡ ಯಾರದಾದ ಮೇಲೆ, ಸೋಪಿನ ನೀರು ಯಾವ ಕಡೆ ಹರಿಯಬೇಕು, ಯಾರ ಸೀರೆಯ ತುದಿ ಯಾರ ಪಂಚೆಗೆ ತಗಲಬಾರದು ಎಂಬುದೆಲ್ಲ ಆಕೆಯ ಇಲಾಖೆ. ತನ್ನ ಮಡಿಸೀರೆಯನ್ನು ಮಾತ್ರ ಯಾರ ಕೈಗೂ ಎಟುಕದ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದಳು. ಮೇಷ್ಟ್ರು ಆ ಅಜ್ಜಿಯ ವಂಶದವರು. ಅವರ ಹಗ್ಗವೂ ಉಳಿದ ಹಗ್ಗಗಳಿಗಿಂತ ಒಂದು ಗೇಣು ಮೇಲಿತ್ತು. ಅವರ ಕ್ಲಿಪ್ಪುಗಳ ಮೇಲೆ ನಂಬರಿತ್ತು. ಹಿಂದೆ ಮಡಿವಾಳರು ಗುಡ್ಡೆಗೇರಿನ ರಸದಲ್ಲಿ ಕಾಲರಿನ ಒಳಗೆ ಚುಕ್ಕೆ ಗೆರೆ ಹಾಕಿ, ಊರಿನ ಬಟ್ಟೆಯನ್ನೆಲ್ಲ ಒಂದೇ ಕೆರೆಯಲ್ಲಿ ಒಗೆದರೂ ಅವರವರ ಮನೆಗೆ ಅವರವರದನ್ನೇ ಮುಟ್ಟಿಸುತ್ತಿದ್ದರು. ಎಷ್ಟು ಒಗೆದರೂ ಆ ಗುರುತು ಹೋಗುತ್ತಿರಲಿಲ್ಲ. ಹಾಗೇ ನಾವೂ ರೂಮ್ ನಂಬರು ಹಾಕಿಕೊಳ್ಳೋಣ ಎಂದು ಮೇಷ್ಟ್ರು ಮಾರ್ಕರ್ ಪೆನ್ನು ಹಿಡಿದು ಬಾಗಿಲು ಬಾಗಿಲಿಗೆ ಬಂದರು. ಬ್ರ್ಯಾಂಡೆಡ್ ಶರ್ಟಿನ ಕಾಲರನ್ನು ಆ ಪೆನ್ನಿಗೆ ಒಡ್ಡಲು ಯಾರಿಗೂ ಧೈರ್ಯ ಬರಲಿಲ್ಲ.

ಅವರ ಸುವರ್ಣಯುಗವೆಂದರೆ 2024ರ ಮಾರ್ಚು. ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿಗೆ ಇಡೀ ಊರು ಕಾದು ಕೂತಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಕಾರಿಲ್ಲದ ನಮ್ಮ ಪಿ.ಜಿ.ಯಲ್ಲಿ ಆ ಆದೇಶದ ಪ್ರತಿಯನ್ನು ಗೋಡೆಗೆ ಅಂಟಿಸಲಾಯಿತು. ತುಂಬು ಮಟ್ಟಕ್ಕಿಟ್ಟರೆ ಈ ಜಾತಿಯ ಮೆಷಿನ್ನು ಒಂದು ಸಲಕ್ಕೆ ನೂರು ಲೀಟರು ದಾಟಿ ಕುಡಿಯುತ್ತದೆ ಎಂದು ಮೇಷ್ಟ್ರು ಬಕೆಟ್ಟಿನಲ್ಲಿ ಅಳೆದು ಸಾಬೀತು ಮಾಡಿ, ವಾರಕ್ಕೆ ಒಂದೇ ದಿನ ಎಂದು ಸಾರಿದರು. ಜಾಲಾಡಿದ ನೀರು ಹೊರಹೋಗುವ ಪೈಪಿಗೆ ಡ್ರಮ್ಮು ಹಿಡಿದು, ಅದನ್ನು ಕಕ್ಕಸಿಗೆ ಸುರಿಯುವ ಪಾಳಿ ಹಾಕಿದರು. ನಿಜ ಹೇಳಬೇಕೆಂದರೆ, ಅಕ್ಕಪಕ್ಕದ ಪಿ.ಜಿ.ಗಳ ಹುಡುಗರು ಗಂಟುಮೂಟೆ ಕಟ್ಟಿ ಊರಿಗೆ ಹೋದಾಗ ನಾವು ಮುಖ ತೊಳೆದುಕೊಂಡು ಆಫೀಸಿಗೆ ಹೋಗುತ್ತಿದ್ದೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು, ಬೆಂಗಳೂರಿಗೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರು ಎಂದು ಎಲ್ಲ ಪತ್ರಿಕೆಗಳೂ ಬರೆದವು. ಗೋಡೆಯ ಕಾಗದ ಕೆಳಗಿಳಿಯಲಿಲ್ಲ. ಇಂದಿರಾ ಗಾಂಧಿಯವರ ತುರ್ತುಪರಿಸ್ಥಿತಿಯಾದರೂ 21 ತಿಂಗಳಿಗೆ ಮುಗಿದಿತ್ತು.

ಆ ಕಾಗದವನ್ನು ಸೋಲಿಸಿದ್ದು ಒಂದು ಶಲ್ಯ. ನವೆಂಬರ್ 1ರಂದು ಆಫೀಸಿನಲ್ಲಿ ರಾಜ್ಯೋತ್ಸವ. ಹೊದೆಸಿದ ಹಳದಿ-ಕೆಂಪು ಶಲ್ಯವನ್ನು ಮೂರನೆಯ ಮಹಡಿಯ ಹುಡುಗನೊಬ್ಬ ಭಕ್ತಿಯಿಂದ ಮನೆಗೆ ತಂದು, ಅದೇ ಭಕ್ತಿಯಿಂದ ರೂಮಿನ ಬಿಳಿ ಬಟ್ಟೆಗಳೊಂದಿಗೆ ಮೆಷಿನ್ನಿಗೆ ಹಾಕಿದ. ಅಗ್ಗದ ಬಣ್ಣ, ಬಿಡಲು ಅದಕ್ಕೆ ಸಂಕೋಚವೇನಿರಲಿಲ್ಲ. ಅಂದು ಬನಿಯನ್ನು, ಪಂಚೆ, ದಿಂಬಿನ ಚೀಲ ಎಲ್ಲವೂ ಕನ್ನಡಮಯ. ಡ್ರಮ್ಮಿನ ಅಡಿಯಲ್ಲಿ ಉಳಿದ ಬಣ್ಣ ನಂತರದ ಮೂರು ರೂಮುಗಳನ್ನೂ ವ್ಯಾಪಿಸಿತು. ನಾಲ್ಕನೆಯದಾಗಿ ಬಂದದ್ದು ಮೇಷ್ಟ್ರ ಮದುವೆ ಮಾತುಕತೆಯ ಬಿಳಿ ಶರ್ಟು.

ಬೇರೆ ಯಾವ ಬಣ್ಣವಾಗಿದ್ದರೂ ಆ ಹುಡುಗನ ಕಥೆ ಮುಗಿದಿತ್ತು. ಮೇಷ್ಟ್ರು ಶಲ್ಯವನ್ನು ಎತ್ತಿ ಹಿಡಿದು ಬಾಯಿ ತೆರೆದರು. ತೆರೆದ ಬಾಯಲ್ಲಿ ಏನು ಹೇಳಬೇಕು? ಬಾವುಟದ ಬಣ್ಣವನ್ನು ಬೈಯುವುದೆ? ಸುತ್ತ ನಿಂತವರಲ್ಲಿ ಅರ್ಧ ಜನ ತೆಲುಗಿನವರು, ಹಿಂದಿಯವರು, ಅವರೆದುರು? ಹುಡುಗನೂ ಕಳ್ಳ, ಎರಡು ಕೈ ಜೋಡಿಸಿ “ಜೈ ಭುವನೇಶ್ವರಿ ಸಾರ್” ಎಂದ. ಮೇಷ್ಟ್ರು ಬಾಯಿ ಮುಚ್ಚಿದರು. ಮರುದಿನ ಗೋಡೆಯಲ್ಲಿದ್ದದ್ದು ಅವರು ಬರೆದ ಅತ್ಯಂತ ಸೌಮ್ಯವಾದ ನೋಟೀಸು: ‘ಅಭಿಮಾನದ ವಸ್ತ್ರಗಳನ್ನು ಕೈಯಲ್ಲಿ ಒಗೆಯುವುದೇ ಅಭಿಮಾನ.’ ಇದಾದ ಎರಡು ವಾರಕ್ಕೆ ಅಯ್ಯಪ್ಪ ಮಾಲೆ ಹಾಕಿದ ನಾಲ್ವರ ಕಪ್ಪು ಪಂಚೆಗಳು ಬಂದವು. ಅಲ್ಲಿಯೂ ದೇವರೇ ಅಡ್ಡ ಬಂದ. ಪಾಪ, ಆ ಚಳಿಗಾಲವಿಡೀ ಮೇಷ್ಟ್ರು ನಾಡು ಮತ್ತು ದೇವರ ನಡುವೆ ಸಿಕ್ಕಿಕೊಂಡಿದ್ದರು.

ಅವರ ರಾಜ್ಯಶಾಸ್ತ್ರಕ್ಕೆ ನಿಜವಾಗಿ ಸವಾಲು ಹಾಕಿದವನು ವಿಜಯಪುರದ ಹುಡುಗ. ಮೆಷಿನ್ನನ್ನು ಅವನು ಮುಟ್ಟಲೇ ಇಲ್ಲ. ಊರಿಂದ ತಂದ ಮರದ ಬಡಿಗೆ, ಒಂದು ಬಟ್ಟೆಸೋಪು, ತಾರಸಿಯ ಮೂಲೆಯ ಕಲ್ಲುಚಪ್ಪಡಿ. ಬೆಳಿಗ್ಗೆ ಐದೂವರೆಗೆ ಧಡ್ ಧಡ್. ಚಾರ್ಟಿನಲ್ಲಿ ಅವನ ಹೆಸರಿಗೆ ಬುಧವಾರ ಸಂಜೆ ಮೀಸಲಾಗಿದೆ ಎಂದು ಮೇಷ್ಟ್ರು ತಿಳಿಸಿದರು. “ಮಷಿನ್ ಯಾಕ್ ಬೇಕ್ರೀ ಸರ? ಕೈ ಅದಾವಲ್ರೀ” ಎಂದ. ಸೌಲಭ್ಯವನ್ನೇ ಬೇಡದವನನ್ನು ಯಾವ ಸೌಲಭ್ಯ ಕಿತ್ತುಕೊಂಡು ದಂಡಿಸುವುದು? ಸದ್ದಿನ ಕಲಮು ಹುಡುಕಿದರು. ಅಷ್ಟು ಹೊತ್ತಿಗೆ ಒಗೆದು ಮುಗಿದಿತ್ತು.

ಒಂದು ಭಾನುವಾರ, ಎಲ್ಲರ ಬಟ್ಟೆಯೂ ಹಗ್ಗದ ಮೇಲಿದ್ದಾಗ, ಬೊಮ್ಮನಹಳ್ಳಿ ಕಡೆಯಿಂದ ಮೋಡ ಏರಿ ಬಂತು. ಬೆಂಗಳೂರಿನ ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಲ್ಲ. ಮೇಷ್ಟ್ರು ಹೆಣ್ಣು ನೋಡಲು ತುಮಕೂರಿಗೆ ಹೋಗಿದ್ದರು. ಉಳಿದವರು ಮಲಗಿದ್ದರು, ಇಲ್ಲವೇ ಐ.ಪಿ.ಎಲ್. ನೋಡುತ್ತಿದ್ದರು. ಆ ಹುಡುಗನೊಬ್ಬನೇ ಮೇಲೆ ಓಡಿ, ಹಗ್ಗಗಳ ಅಂತಸ್ತು, ಕ್ಲಿಪ್ಪಿನ ನಂಬರು, ಮುಟ್ಟಬಹುದಾದದ್ದು ಮುಟ್ಟಬಾರದ್ದು ಯಾವುದನ್ನೂ ನೋಡದೆ, ಎರಡು ತೋಳಲ್ಲೂ ಬಾಚಿ ಬಾಚಿ ತಂದು ಊಟದ ಮೇಜಿನ ಮೇಲೆ ಸುರಿದ. ನಲವತ್ತೆರಡು ಜನರ ಬಟ್ಟೆಯ ಗುಡ್ಡ. ರಾತ್ರಿ ಮರಳಿದ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು.

“ಮಳಿ ಬಂತ್ರೀ ಸರ, ಎಲ್ಲಾರದೂ ತಂದು ಹಾಕೇನ್ರಿ. ಯಾವ್ದು ಯಾರ್ದು ನನಗೇನ್ ಗೊತ್ರೀ?”

ಮೇಷ್ಟ್ರು ಬ್ಯಾಗನ್ನು ಕೆಳಗಿಟ್ಟರು. ತೋಳು ಮಡಿಸಿದರು. ಗುಡ್ಡದಿಂದ ಒಂದೊಂದೇ ಎತ್ತಿ, ಬೆಳಕಿಗೆ ಹಿಡಿಯದೆ, ಯಾರನ್ನೂ ಕೇಳದೆ ರಾಶಿ ಹಾಕತೊಡಗಿದರು. “ಇದು 204ರ ಕಿಟಕಿ ಕಡೆ ಮಂಚ. ಇದು ರಾಯಚೂರಿನವನದು, ಹೊಲಿಗೆ ಬಿಚ್ಚಿದೆ. ಇದು ಹೊಸದಾಗಿ ಬಂದ ಆ ಎಳೆ ಹುಡುಗ, ಅಮ್ಮ ಮೊನ್ನೆ ಕೊಡಿಸಿರೋದು.” ಒಂದೇ ಅಂಗಡಿಯಿಂದ ಬಂದ, ಒಂದೇ ಅಳತೆಯ, ಒಂದೇ ತರಹ ನವೆದ ಬನಿಯನ್ನುಗಳಲ್ಲಿ ಒಂದನ್ನೂ ತಪ್ಪಲಿಲ್ಲ. ನಮ್ಮ ಹೆಸರು ಗೊತ್ತಿಲ್ಲದ ಎಷ್ಟೋ ಜನರ ನಡುವೆ ನಾವು ಬದುಕುತ್ತಿದ್ದೆವು. ನಮ್ಮ ಬನಿಯನ್ನು ಗೊತ್ತಿದ್ದವರು ಅವರೊಬ್ಬರೇ. ತುಮಕೂರಿನಲ್ಲಿ ಏನಾಯಿತು ಎಂದು ಕೇಳಲು ನಮಗೆ ಮರುದಿನವೇ ನೆನಪಾದದ್ದು.

ಆದದ್ದು ಒಳ್ಳೆಯದೇ. ಮದುವೆಯಾಗಿ ಮೇಷ್ಟ್ರು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಗೆ ಹೋದರು. ಅಲ್ಲಿ ಅವರದೇ ಮೆಷಿನ್ನು, ಮುಂದೆ ಬಾಗಿಲಿರುವುದು, ನೀರು ಕಮ್ಮಿ ಕುಡಿಯುವುದು. ಇಲ್ಲಿ ನಮ್ಮ ಗೋಡೆ ಖಾಲಿಯಾಯಿತು. ಚಾರ್ಟು ಹರಿದು ಯಾರೋ ಭೇಲ್‌ಪುರಿ ತಿಂದರು. ನಿಂಬೆ ಉಪ್ಪಿಲ್ಲದೆ ಮೆಷಿನ್ನು ಆರು ತಿಂಗಳೂ ಬಾಳಲಿಲ್ಲ. ಗಣಪತಿ ಮಾತ್ರ ಇದ್ದಾನೆ.

ಮೊನ್ನೆ ಫೋನು ಮಾಡಿದ್ದರು. ದನಿಯಲ್ಲಿ ಉದ್ವೇಗ.

“ಅಸೋಸಿಯೇಷನ್‌ನಿಂದ ನೋಟೀಸ್ ಬಂದಿದೆ ಕಣ್ರೀ. ಬಾಲ್ಕನಿ ಕಂಬಿ ಮೇಲೆ ಬಟ್ಟೆ ಒಣಹಾಕಿದ್ರೆ ಕಟ್ಟಡದ ಅಂದ ಕೆಡತ್ತಂತೆ. ಒಂದು ಬೆಡ್‌ಶೀಟು, ಒಂದೇ ಒಂದು! 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ತರಿಸಿ ಓದಿದೆ. ಪೂರ್ತಿ ಓದಿದೆ. ಬೆಡ್‌ಶೀಟಿನ ಮಾತೇ ಇಲ್ಲ ಅದರಲ್ಲಿ.”

“ಮನೆಯವರು ಏನಂತಾರೆ?”

“ಒಳಗೆ ಸ್ಟ್ಯಾಂಡ್ ಮೇಲೆ ಒಣಗ್ಸಿ ಅಂತಾಳೆ. ಅದಲ್ಲ ಪ್ರಶ್ನೆ. ಹೆಂಗೆ ಬರ್ದಿದಾನೆ ಗೊತ್ತಾ ಆ ಸೆಕ್ರೆಟರಿ? ‘ದಯವಿಟ್ಟು’ ಅಂತ ಶುರು ಮಾಡಿ ‘ಕಠಿಣ ಕ್ರಮ’ ಅಂತ ಮುಗ್ಸಿದಾನೆ. ಯಾರ್ರೀ ಕೊಟ್ರು ಇವನಿಗೆ ಅಧಿಕಾರ?”

ಮನುಷ್ಯ ಹೇಗೆ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಕೆಲಸ ಅಚ್ಚುಕಟ್ಟು, ಅದನ್ನ ಒಪ್ಪಬೇಕು. ನೋಟೀಸನ್ನ ಲ್ಯಾಮಿನೇಟ್ ಮಾಡ್ಸಿದಾನೆ. ನಂಗೆ ಪಿ.ಜಿ.ಲಿ ಏಳು ವರ್ಷ ಅದು ಹೊಳೀಲೇ ಇಲ್ಲ ನೋಡಿ.” ಆಮೇಲೆ ದನಿ ತಗ್ಗಿಸಿದರು. “ಮುಂದಿನ ತಿಂಗಳು ಕಮಿಟಿ ಎಲೆಕ್ಷನ್ನು. ಹಾಕಿದೀನಿ ನಾಮಪತ್ರ. ನಂಗೇನಿಲ್ಲಪ್ಪ... ಆ ಮಾರ್ಕರ್ ಪೆನ್ನು ಅಲ್ಲೇ ಟ್ಯಾಂಕಿನ ಪಕ್ಕ ಬಿಟ್ಟಿದ್ದೆ, ಇದ್ರೆ ಸ್ವಲ್ಪ ಕಳಿಸ್ತೀರಾ?”